ಮಾಸ್ಟ್ರ ಫೋಲ್ಡರಿನ ಕಲ್ಲುಗಳು

ಮೊನ್ನೆ ಗಂಗೊಳ್ಳಿಯ ಐಸ್ ಪ್ಲಾಂಟಿನ ಎದುರು ಬಸ್ಸಿಳಿದಾಗ ಅಮೋನಿಯದ ಘಾಟು ಮೂಗಿಗೆ ಹೊಡೆಯಿತು. ಕಂಪ್ಯೂಟರ್ ಮಾಸ್ಟ್ರು ನೆನಪಾದರು. ಅವರ ಕ್ಲಾಸು ಅದೇ ಪ್ಲಾಂಟಿನ ಮಾಳಿಗೆಯಲ್ಲಿತ್ತು. ಘಾಟು ಹೆಚ್ಚಾದರೆ ಕಿಟಕಿ ತೆರೆಯುತ್ತಿದ್ದರು. ಆಗ ಮೀನಿನ ವಾಸನೆ ನುಗ್ಗುತ್ತಿತ್ತು. "ಎರಡ್ರಗೆ ಯಾವ್ದ್ ಬೇಕ್ ಹೇಳ್ ಹೆಣೆ" ಎಂದು, ಆಗಿನ್ನೂ ಹುಡುಗಿಯಾಗಿದ್ದ ನನ್ನನ್ನು ನಗಿಸುತ್ತಿದ್ದರು... ನಾನು ಅಲ್ಲೇ ಕಲಿತು, ಕ್ಲಾಸು ಮುಚ್ಚುವ ತನಕ ಅಲ್ಲೇ ಕಲಿಸುತ್ತಿದ್ದವಳು.

ಕಡಲಿನ ಅಡಿಯ ಕಲ್ಲಿಗೆ ಸಿಕ್ಕಿ ಬಲೆ ಹರಿಯುವುದು ನಮ್ಮಲ್ಲಿ ಹೊಸತಲ್ಲ. ಬೋಟು ಅಂಥ ಕಲ್ಲನ್ನು ಸಮೀಪಿಸಿದರೆ ಫೋನು ಕೂಗಿಕೊಳ್ಳುವಂತೆ ಮಾಸ್ಟ್ರು ಒಂದು ಪ್ರೋಗ್ರಾಂ ಬರೆದರು. ಕಲ್ಲುಗಳ ಜಾಗ ಹೇಳಿದವರು ಬೋಟು ನಡೆಸುವ ಒಬ್ಬ ತಾಂಡೇಲರು. ಬಲೆ ಹರಿಯುವ ಜಾಗದಲ್ಲೇ ಗಾಳಕ್ಕೆ ಒಳ್ಳೆಯ ಮೀನೂ ಸಿಗುತ್ತದೆ. ಅದಕ್ಕೇ ಅದನ್ನು ಹೊರಗಿನವರಿಗೆ ಹೇಳುವ ಪದ್ಧತಿಯಿಲ್ಲ. "ಊರ್ ಬಿಟ್ಟ್ ಹೊರ್ಗೆ ಹೋಪುಕಾಗ" ಎಂದು ಮಾಸ್ಟ್ರ ಹತ್ತಿರ ಮಾತು ತೆಗೆದುಕೊಂಡೇ ಅವರು ಹೇಳಿದ್ದರು.

ಕಾಯಿಲೆಯಲ್ಲಿ ಮಲಗಿದಾಗ ಮಾಸ್ಟ್ರು ನನ್ನನ್ನು ಕರೆದರು. "ಇದನ್ನ್ ಎಲ್ಲರಿಗೂ ಬಿಟ್ಟ್ ಬಿಡ್ ಹೆಣೆ. ಬೈಂದೂರಿನೋರ್, ಮಲ್ಪೆಯೋರ್ ಅವ್ರವ್ರ ಕಲ್ಲ್ ಅವ್ರೇ ಹಾಕ್ಕಣ್ಲಿ." ಪ್ರೋಗ್ರಾಮಿನ ಸೋರ್ಸ್ ಕೋಡ್ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಆಗಬೇಕೆಂಬುದು ಅವರ ಆಸೆ. ಆ ಕಾಯಿಲೆಯಿಂದ ಅವರು ಏಳಲಿಲ್ಲ...

ಈ ಮಳೆಗಾಲ, ಬೋಟುಗಳೆಲ್ಲ ದಡದಲ್ಲಿದ್ದಾಗ, ಅವರ ಫೋಲ್ಡರ್ ತೆರೆದು ಕೂತೆ. ಪಾಸ್‌ವರ್ಡ್ ತೆಗೆದೆ. ಫೋನ್ ನಂಬರುಗಳನ್ನು ತೆಗೆದೆ. ಬಳಸುವುದು ಹೇಗೆಂದು ಒಂದು ಪುಟ ಬರೆದೆ, ಯಾರು ಬೇಕಾದರೂ ಬಳಸಬಹುದೆಂಬ ಲೈಸೆನ್ಸ್ ಸೇರಿಸಿದೆ. ಕಲ್ಲುಗಳು ಮಾತ್ರ ಬೇರೆ ಕಡತದಲ್ಲಿರಲಿಲ್ಲ. ತಾಂಡೇಲರು ಹೇಳಿದ ಹಾಗೇ ಮಾಸ್ಟ್ರು ಅವನ್ನು ಕೋಡಿನ ನಡುನಡುವೆ ಬರೆದುಬಿಟ್ಟಿದ್ದರು: "ಇಲ್ಲಿ ಬಲೆ ಹರಿತ್ತ್, ಮುರು ಮೀನ್ ಇತ್ತ್." ಒಂದೊಂದಾಗಿ ಹುಡುಕಿ ಅಳಿಸಿದೆ.

ಆದರೆ ಇಂಥ ಫೋಲ್ಡರಿನಲ್ಲಿ ಅಳಿಸಿದ್ದು ಅಳಿಯುವುದಿಲ್ಲ. ಮಾಡಿದ ಪ್ರತಿ ಬದಲಾವಣೆಯೂ ಹಿಂದೆ ಉಳಿದಿರುತ್ತದೆ. ಕೆದಕಿದವರಿಗೆ ಕಲ್ಲುಗಳೆಲ್ಲ ಸಿಗುತ್ತವೆ. ಆ ಹಿಂದಿನದನ್ನೆಲ್ಲ ಬಿಟ್ಟು, ಖಾಲಿ ಫೋಲ್ಡರಿನಲ್ಲಿ ಹೊಸದಾಗಿ ಇಡುವುದೇ ಸುರಕ್ಷಿತ ದಾರಿ. ಆದರೆ ಆ ಹಿಂದಿನದರಲ್ಲೇ ಮಾಸ್ಟ್ರು ಇದ್ದರು. ಪ್ರತಿ ಬದಲಾವಣೆಗೂ ಒಂದು ಸಾಲು ಬರೆದಿದ್ದರು. "ಕರೆಂಟ್ ಹೋಯ್ತ್, ಉಳದದ್ದ್ ನಾಳೆ." "ನಿನ್ನೆ ಮಾಡದ್ದ್ ಪೂರಾ ತಪ್ಪ್." "ಇವತ್ತ್ ಕೈ ನಡುಗತ್ತ್..." ಓದುತ್ತಿದ್ದೆ, ಏಳುತ್ತಿದ್ದೆ, ಬಾಗಿಲ ತನಕ ಹೋಗಿ ಮತ್ತೆ ಬಂದು ಕೂರುತ್ತಿದ್ದೆ. ಆ ಸಾಲುಗಳನ್ನು ಕೈಬಿಡುವ ಮನಸ್ಸಾಗಲಿಲ್ಲ, ಇಟ್ಟುಕೊಂಡು ಹೊರಗೆ ಕೊಡುವ ಧೈರ್ಯವೂ ಬರಲಿಲ್ಲ.

ಮೊನ್ನೆ ಗಂಗೊಳ್ಳಿಗೆ ಹೋದದ್ದು ತಾಂಡೇಲರನ್ನೇ ಕೇಳಲು. ಅವರು ಅಂಗಳದ ಚಪ್ಪರದಡಿ ಬಲೆ ಹೆಣೆಯುತ್ತಿದ್ದರು. ಈಗಲಾದರೂ ಜಾಗಗಳನ್ನು ಹೊರಗೆ ಬಿಡಬಹುದೇ ಎಂದೆ.

"ಮಾಸ್ಟ್ರ್ ಹೋದ್ರ್ ಅಂದೇಳಿ ಕಲ್ಲ್ ಎಂತ ಜಾಗ ಬಿಟ್ಟ್ ಹೋಯ್ತಾ?" ಎಂದರು. "ಹೊರ್ಗಿನೋರಿಗೆಲ್ಲ ಹೇಳಿರೆ ಮೀನ್ ನಮ್ಮನ್ನೇ ಕಾಯ್ಕಂಡ್ ಕೂಕಂತ್ತಾ?"

ಹಾಗಾದರೆ ಮಾಸ್ಟ್ರು ದಿನದಿನಕ್ಕೆ ಬರೆದ ಸಾಲುಗಳೆಲ್ಲ ಹೋಗುತ್ತವೆ ಎಂದೆ.

ತಾಂಡೇಲರು ಬಲೆ ಕೆಳಗಿಟ್ಟರು. "ಅವ್ರ್ ನಂಗೆ ಮಾತ್ ಕೊಟ್ಟಿರ್. ಅವ್ರ್ ಇಲ್ಲ, ಕಾಂಬುಕೆ ಬತ್ತಿಲ್ಲ ಅಂದೇಳಿ ನೀ ಮುರಿಬೇಡ."

ಮನೆಗೆ ಬಂದು ಖಾಲಿ ಫೋಲ್ಡರ್ ಮಾಡಿದೆ. ಶುದ್ಧಮಾಡಿದ ಕೋಡನ್ನು ಅದರಲ್ಲಿಟ್ಟು, ಬರೆದವರ ಜಾಗದಲ್ಲಿ ಮಾಸ್ಟ್ರ ಹೆಸರು ಹಾಕಿ, ಎಲ್ಲರಿಗೂ ತೆರೆದುಬಿಟ್ಟೆ. ಅಲ್ಲಿ ಬದಲಾವಣೆಗಳ ಪಟ್ಟಿಯಲ್ಲಿ ಈಗ ಒಂದೇ ಸಾಲಿದೆ, ಒಂದೇ ತಾರೀಕಿದೆ. ನೋಡಿದವರಿಗೆ ಅವರು ಇಡೀ ಕೆಲಸವನ್ನು ಮೊನ್ನೆ ಒಂದೇ ದಿನ ಕೂತು ಮುಗಿಸಿದ ಹಾಗೆ ಕಾಣುತ್ತದೆ. ಮೊನ್ನೆ ಅವರು ಇರಲಿಲ್ಲ. ಅವರು ಇದ್ದ ದಿನಗಳೆಲ್ಲ, ಆ ಕಲ್ಲುಗಳ ಜೊತೆಗೇ, ನನ್ನ ಕಂಪ್ಯೂಟರಿನಲ್ಲಿವೆ... ಯಾರಿಗೂ ತೋರಿಸುವಂತಿಲ್ಲ.