ಆರ್ಡಿಸ್ ಕೈಯಾರೆ ಕೊಟ್ಟ ಮಾರ್ಕು

ಆರ್ಡಿಸ್ ಟೋಲೆಫ್‌ಸನ್‌ಗೆ ಅರವತ್ತೇಳು ವರ್ಷ. ನಾರ್ತ್ ಡಕೋಟದ ನೋರ್ಡಾಲ್ ಅನ್ನೋ ನಾಲ್ಕು ಬೀದಿಯ ಊರಿನಲ್ಲಿ ಅವಳ ಬಾಯಿಗೆ ಹೆದರದವರು ಇಬ್ಬರೇ. ಒಬ್ಬರು ಚರ್ಚಿನ ಪಾದ್ರಿ, ಊರಿಗೆ ಹೊಸಬರು, ಪಾಪ, ಇನ್ನೂ ಗೊತ್ತಿಲ್ಲ. ಇನ್ನೊಬ್ಬ ಅವಳ ಗಂಡ ನಾರ್ವಲ್. ಅವನಿಗೆ ಕಿವಿ ಮಂದ, ಬೇಕೆಂದಾಗ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುವ ಅನುಕೂಲ ಬೇರೆ ಇತ್ತು.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಟೆಲಿಫೋನ್ ಎಕ್ಸ್‌ಚೇಂಜಿನ ಎತ್ತರದ ಸ್ಟೂಲು ಹತ್ತಿದವಳು, ಇಳಿದದ್ದು ಇಪ್ಪತ್ತೈದು ವರ್ಷದ ಮೇಲೆ. ಹಿಮ ಬಿದ್ದು ಒಂದು ತಂತಿ ಹರಿದರೆ ಯಾವ ಊರಿನಿಂದ ಯಾವ ಊರಿಗೆ ಸುತ್ತಿಸಿ ಮಾತು ದಾಟಿಸಬೇಕು ಅನ್ನುವುದು ಅವಳ ಬೆರಳ ತುದಿಯಲ್ಲಿತ್ತು. ಡಾಕ್ಟರು ಮನೆಯಲ್ಲಿಲ್ಲದಿದ್ದರೆ ಯಾರ ಮನೆಯಲ್ಲಿ ಇಸ್ಪೀಟು ಆಡುತ್ತಿದ್ದಾರೆ ಅನ್ನುವುದೂ ಗೊತ್ತಿತ್ತು. ಆಮೇಲೆ ತಾನೇ ತಿರುಗಿಸುವ ಡಯಲ್ ಫೋನು ಬಂತು. ಕಂಪನಿಯವರು ಅವಳ ಕೈಗೊಂದು ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಅದು ದಿನಕ್ಕೆ ಹತ್ತು ನಿಮಿಷ ಹಿಂದೆ ಓಡುತ್ತಿತ್ತು. "ನನ್ನ ಜಾಗಕ್ಕೆ ಬಂದ ಯಂತ್ರದ ತಮ್ಮ ಇರಬೇಕು" ಅಂತ ಅದನ್ನು ಕೋಳಿಗೂಡಿನಲ್ಲಿ ನೇತುಹಾಕಿದಳು.

ಇಂಥವಳ ಕೈಗೆ ಪ್ಯಾಕೆಟ್ ರೇಡಿಯೋ ಸಿಕ್ಕರೆ ಕೇಳಬೇಕೆ? ಹವ್ಯಾಸಿ ರೇಡಿಯೋ ಪರೀಕ್ಷೆಗೆ ಅರವತ್ತರ ಹತ್ತಿರ ಕೂತು ಪಾಸಾದಳು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಕಾಗದವನ್ನು ರೇಡಿಯೋ ಚೂರುಚೂರಾಗಿ ಗಾಳಿಗೆ ಬಿಡುತ್ತದೆ. ಹತ್ತು ಹದಿನೈದು ಮೈಲಿಗೊಂದರಂತೆ ನೀರಿನ ಟ್ಯಾಂಕು, ಗೋಧಿಯ ಕಣಜ, ಗುಡ್ಡ, ಎತ್ತರ ಸಿಕ್ಕಲ್ಲೆಲ್ಲ ರೇಡಿಯೋ ಕ್ಲಬ್ಬಿನವರು ಇಟ್ಟ ಪೆಟ್ಟಿಗೆಗಳು ಅದನ್ನು ಹಿಡಿದು ಮುಂದಕ್ಕೆ ದಾಟಿಸುತ್ತವೆ. ನೋರ್ಡಾಲಿನ ನೀರಿನ ಟ್ಯಾಂಕಿನ ಪೆಟ್ಟಿಗೆ ಆರ್ಡಿಸ್‌ದು.

ಯಾವ ದಾರಿಗೆ ಕಳಿಸಬೇಕು ಅಂತ ಪೆಟ್ಟಿಗೆಗೆ ಹೇಗೆ ಗೊತ್ತು? ಮಾರ್ಕಿನಿಂದ. ಪ್ರತಿ ಪೆಟ್ಟಿಗೆಯ ಯಜಮಾನ ಕೂತು, ಪಕ್ಕದ ಯಾವ ಪೆಟ್ಟಿಗೆಯ ದಾರಿ ಎಷ್ಟು ಚೆನ್ನಾಗಿದೆ ಅಂತ ಆಜ್ಞೆ ಟೈಪ್ ಮಾಡಬೇಕು, ಇನ್ನೂರೈವತ್ತೈದಕ್ಕೆ ಇಷ್ಟು ಅಂತ. ಪೆಟ್ಟಿಗೆಗಳು ಗಂಟೆಗೊಮ್ಮೆ ಅಕ್ಕಪಕ್ಕಕ್ಕೆ ಸಾರುತ್ತವೆ: ನನ್ನ ಮೂಲಕ ಈ ಊರಿಗೆ ಹೋಗಬಹುದು, ಇಷ್ಟು ಮಾರ್ಕು. ಒಂದೊಂದು ಪೆಟ್ಟಿಗೆ ದಾಟಿದಾಗಲೂ ಮಾರ್ಕು ಒಂದಷ್ಟು ಕಡಿತವಾಗುತ್ತದೆ. ಕೊನೆಗೆ ಯಾವ ದಾರಿಗೆ ಹೆಚ್ಚೋ ಕಾಗದ ಅತ್ತ. ಯಜಮಾನ ಸುಳ್ಳು ಮಾರ್ಕು ಕೊಟ್ಟನೋ, ಮುಗಿಯಿತು. ಪೆಟ್ಟಿಗೆ ಪ್ರಶ್ನೆ ಕೇಳುವುದಿಲ್ಲ, ನಂಬುತ್ತದೆ, ಪಾಪದ್ದು.

"ಇನ್ನೂರೈವತ್ತೈದು ದೇವರಿಗೆ" ಅಂತಿದ್ದಳು ಆರ್ಡಿಸ್. "ಮನುಷ್ಯರಿಗೆ ನೂರೈವತ್ತು, ಹೆಚ್ಚೆಂದರೆ ನೂರತೊಂಬತ್ತು."

ದಿನಾ ಬೆಳಿಗ್ಗೆ ಆರೂವರೆಗೆ, ಒಲೆ ಮೇಲೆ ಕಾಫಿ ಇಟ್ಟು, ಸುತ್ತಲಿನ ಒಂಬತ್ತು ಪೆಟ್ಟಿಗೆಗಳ ಮಾರ್ಕಿನ ಪಟ್ಟಿ ತರಿಸಿ ಓದುವುದು ಅವಳ ವ್ರತ. ಯಾರ ಪೆಟ್ಟಿಗೆಯ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು, ಗುಟ್ಟೇನೂ ಇಲ್ಲ. ಓದಿ, ತಪ್ಪು ಕಂಡರೆ ಯಜಮಾನನಿಗೆ ಅಲ್ಲೇ ಒಂದು ಕಾಗದ. ಆ ಕಾಗದಗಳಲ್ಲಿ ಹತ್ತರಲ್ಲಿ ಎಂಟು ಒಬ್ಬನಿಗೇ ಹೋಗುತ್ತಿದ್ದವು: ಸೆಲ್ಮರ್ ಕ್ವಾಮ್‌ಗೆ.

ಸೆಲ್ಮರ್ ಊರಾಚೆಯ ರೈಲು ಹಳಿಯ ಪಕ್ಕದ ಗೋಧಿ ಕಣಜದಲ್ಲಿ ಮೂವತ್ತು ವರ್ಷ ದುಡಿದವನು. ನೂರಿಪ್ಪತ್ತು ಅಡಿ ಕಾಂಕ್ರೀಟಿನ ಆ ಕಣಜದ ನೆತ್ತಿಯ ಮೇಲೆ ಅವನ ಪೆಟ್ಟಿಗೆ. ಎತ್ತರದಲ್ಲಿ ಸುತ್ತ ಅದಕ್ಕೆ ಸಾಟಿಯಿಲ್ಲ, ಅವನ ಜಂಬಕ್ಕೂ ಸಾಟಿಯಿಲ್ಲ. ಪೂರ್ವಕ್ಕೆ ಫಾರ್ಗೊ ನಗರದ ಕಡೆಯ ದಾರಿಗೆ ಅವನು ಕೊಟ್ಟುಕೊಂಡಿದ್ದ ಮಾರ್ಕು ಇನ್ನೂರನಲವತ್ತು. ಹೆಂಡತಿ ಬೋರ್ಗ್‌ಹಿಲ್ಡ್ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಬೆಳಿಗ್ಗೆ ಕಣಜ ಹತ್ತುವುದು, ಪೆಟ್ಟಿಗೆಯ ಮೇಲಿನ ಗೋಧಿ ಧೂಳು ಒರೆಸುವುದು, ಇಳಿಯುವುದು. ಅದೇ ಅವನ ಸಂಸಾರ.

"ಸೆಲ್ಮರ್," ಅಂತ ಬರೆದಳು ಆರ್ಡಿಸ್, ಆ ವರ್ಷದ ಅಂದರೆ ತೊಂಬತ್ತೆರಡರ ಆಗಸ್ಟಿನಲ್ಲಿ, "ಇನ್ನೂರನಲವತ್ತು ಕೊಡೋಕೆ ನಿನ್ನ ಪೆಟ್ಟಿಗೇನು ಸ್ವರ್ಗದ ಬಾಗಿಲಾ? ನಾಚಿಕೆ ಇಲ್ವೇನೋ? ನೂರೈವತ್ತು ಹಾಕು, ಇವತ್ತೇ ಹಾಕು. ಮತ್ತೆ ನಿನ್ನೆ ಚರ್ಚಿಗೆ ಬಂದಾಗ ಅಂಗಿ ಗುಂಡಿ ತಪ್ಪು ತಪ್ಪಾಗಿ ಹಾಕಿದ್ದೆ. ಅದನ್ನೂ ಸರಿ ಮಾಡ್ಕೋ."

ಸೆಲ್ಮರ್ ಯಾವತ್ತೂ ಎದುರು ಮಾತಾಡುವವನಲ್ಲ. ಎರಡು ವಾರ ಬೈಸಿಕೊಂಡು, ಕೊನೆಗೆ ನೂರೈವತ್ತು ಹಾಕಿದ.

ಹಾಕಿದ್ದೇ ಹಾಕಿದ್ದು, ಫಾರ್ಗೊಗೆ ಹೋಗುವ ಕಾಗದಗಳೆಲ್ಲ ಮಂಗಮಾಯ! ಕ್ಲಬ್ಬಿನ ಅಧ್ಯಕ್ಷ ಡ್ವೇನ್ ಹೌಗೆನ್ ಮೊಮ್ಮಗಳಿಗೆ ಕಳಿಸಿದ ಹುಟ್ಟುಹಬ್ಬದ ಶುಭಾಶಯ ತಲುಪಲೇ ಇಲ್ಲ. ಮಗು ಫೋನಿನಲ್ಲಿ ಅತ್ತಿತಂತೆ. ಆರ್ಡಿಸ್ ತನ್ನ ತಂಗಿಗೆ ಕಳಿಸಿದ, ರೂಬಾರ್ಬ್ ಅನ್ನೋ ಹುಳಿ ದಂಟಿನ ಪೈ ಮಾಡುವ ವಿಧಾನ ಆರು ದಿನ ಬಿಟ್ಟು ತಲುಪಿತು, ಅದೂ ಅರ್ಧ. ಸಕ್ಕರೆ ಎಷ್ಟು ಅನ್ನುವ ಸಾಲೇ ಇಲ್ಲ. ತಂಗಿ ಅಂದಾಜಿನಲ್ಲಿ ಹಾಕಿದಳು, ಬಂದ ನೆಂಟರ ಮುಖ ಹುಳ್ಳಗಾಯಿತು.

ಇನ್ಯಾರ ಮೇಲೆ ಅನುಮಾನ? ಮೊನ್ನೆ ಪೆಟ್ಟಿಗೆಗೆ ಕೈ ಹಾಕಿದವನು ಸೆಲ್ಮರ್. ಕೆಡಿಸಿದವನೂ ಅವನೇ. ಆರ್ಡಿಸ್ ಕೆಂಡಾಮಂಡಲವಾದಳು. ಕ್ಲಬ್ಬಿನ ಹನ್ನೊಂದು ಜನಕ್ಕೂ ಕಾಗದ ಬರೆದಳು: ಸೆಲ್ಮರ್‌ಗೆ ವಯಸ್ಸಾಯಿತು, ಒಂದು ಆಜ್ಞೆ ನೆಟ್ಟಗೆ ಟೈಪ್ ಮಾಡಲು ಬರುವುದಿಲ್ಲ, ಕಣಜದ ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದು ಬೇರೆಯವರಿಗೆ ಕೊಡೋಣ, ಬರುವ ಶನಿವಾರ ಬೆಳಗಿನ ತಿಂಡಿಗೆ ಸೇರಿದಾಗ ಕೈ ಎತ್ತಿ ತೀರ್ಮಾನ ಮಾಡೋಣ. ಎಲ್ಲರೂ ಒಪ್ಪಿದರು. ಸೆಲ್ಮರ್ ಮಾತ್ರ ಉತ್ತರವನ್ನೇ ಬರೆಯಲಿಲ್ಲ.

ಶನಿವಾರ ಬೆಳಿಗ್ಗೆ ಡ್ವೇನ್ ಫೋನ್ ಮಾಡಿದ. "ಆರ್ಡಿಸ್, ಬರೀ ಬಾಯಿಮಾತಲ್ಲಿ ಬೇಡ. ಫಾರ್ಗೊ ಕಾಗದ ಯಾವ ದಾರಿಲಿ ಹೋಗ್ತಿದೆ, ಎಲ್ಲಿ ನಿಲ್ತಿದೆ, ಒಂದು ಪ್ರಿಂಟ್ ತಗೊಂಡು ಬಾ. ಮನುಷ್ಯನ ಮರ್ಯಾದೆ ವಿಷಯ."

"ತರ್ತೀನಿ ಬಿಡು, ಅದಕ್ಕೇನು!" ಅಂದಳು.

ಕೂತು ತನ್ನ ಪೆಟ್ಟಿಗೆಯನ್ನೇ ಕೇಳಿದಳು: ಫಾರ್ಗೊಗೆ ದಾರಿ ಯಾವುದು? ಪೆಟ್ಟಿಗೆ ಉತ್ತರ ಕೊಟ್ಟಿತು: ಸೇಜ್ ಗುಡ್ಡದ ಮೂಲಕ.

ಆರ್ಡಿಸ್ ಕನ್ನಡಕ ಒರೆಸಿಕೊಂಡಳು. ಫಾರ್ಗೊ ಇರುವುದು ಪೂರ್ವಕ್ಕೆ, ಸೇಜ್ ಗುಡ್ಡ ಪಶ್ಚಿಮಕ್ಕೆ. ಅಲ್ಲಿಂದ ದಕ್ಷಿಣಕ್ಕಿಳಿದು, ಪಕ್ಕದ ರಾಜ್ಯ ಹೊಕ್ಕು, ಏಳು ಪೆಟ್ಟಿಗೆ ದಾಟಿ, ಹವೆ ಒಳ್ಳೆಯದಿದ್ದರೆ ಮಾತ್ರ ಕೇಳಿಸುವ ಒಂದು ಬಡಕಲು ಪೆಟ್ಟಿಗೆಯ ಮೇಲೆ ಹಾಯ್ದು ಹೋಗಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಅಂತಾರಲ್ಲ, ಹಾಗೆ. ಹೀಗೇಕೆ ಹೋಗುತ್ತದೆ? ತನ್ನ ಮಾರ್ಕಿನ ಪಟ್ಟಿ ತೆರೆದಳು. ಸೇಜ್ ಗುಡ್ಡದ ಎದುರಿಗೆ ಇನ್ನೂರೈವತ್ತೈದು. ಅದರ ಪಕ್ಕ ಒಂದು ಉದ್ಗಾರ ಚಿಹ್ನೆ. ಪೆಟ್ಟಿಗೆ ತಾನಾಗಿ ಕಲಿತ ಮಾರ್ಕಲ್ಲ, ಯಜಮಾನರು ಕೈಯಾರೆ ಬರೆದದ್ದು, ನಾವೇ ಅಳಿಸುವ ತನಕ ಅಳಿಯುವುದಿಲ್ಲ ಅಂತ ಅದರ ಅರ್ಥ.

ಆಗ ನೆನಪಾಯಿತು. ಮಾರ್ಚ್ ತಿಂಗಳಲ್ಲಿ ಸೇಜ್ ಗುಡ್ಡದ ಗೆಳತಿ ಲೆನೋರ್‌ಗೆ ಸೊಂಟದ ಆಪರೇಷನ್ ಆಗಿತ್ತು. ದಿನಾ ಕಾಗದ ನೆಟ್ಟಗೆ ಹೋಗಲಿ, ಸುತ್ತಾಡದಿರಲಿ ಅಂತ ಒಂದೇ ಒಂದು ವಾರದ ಮಟ್ಟಿಗೆ ಆರ್ಡಿಸ್ ತಾನೇ ಆ ಮಾರ್ಕು ಬರೆದಿದ್ದಳು. ಲೆನೋರ್ ಎದ್ದು ಓಡಾಡಿದಳು, ಇವಳು ಮರೆತಳು. ಸೆಲ್ಮರ್‌ನ ಜಂಬದ ಇನ್ನೂರನಲವತ್ತು ಇರುವ ತನಕ ಇವಳ ಸುಳ್ಳು, ಏಳು ಪೆಟ್ಟಿಗೆಯ ಕಡಿತ ಕಳೆದು, ಅದರ ಕೆಳಗೆ ಅಡಗಿ ಕೂತಿತ್ತು. ಅವನು ನಿಜ ಬರೆದ ದಿನ ಅದು ಮೇಲೆದ್ದಿತು. ಒಂಬತ್ತು ಪಟ್ಟಿ ದಿನಾ ಓದುವವಳು ತನ್ನ ಹತ್ತನೆಯದನ್ನು ಆರು ತಿಂಗಳಿಂದ ಓದಿರಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಕಾಣದು, ಪರರ ತಟ್ಟೆಯ ನೊಣ ಹುಡುಕುವುದು ಬಿಡದು.

"ಉಫ್ ಡಾ!" ಅಂತ ಹಿರಿಯರ ನಾರ್ವೆ ಮಾತಿನಲ್ಲಿ ಕೂಗಿ ತಲೆ ಮೇಲೆ ಕೈ ಹೊತ್ತು ಕೂತಳು.

ನಾರ್ವಲ್ ಕಿವಿಯ ಯಂತ್ರ ಸಿಕ್ಕಿಸಿಕೊಂಡು ಬಂದ. "ಏನಾಯ್ತೇ? ಯಾರು ಹೋದ್ರು?"

"ನನ್ನ ಮಾನ ಹೋಯ್ತು" ಅಂತ ಎಲ್ಲ ಹೇಳಿದಳು.

ನಾರ್ವಲ್ ಪರದೆ ನೋಡಿದ, ಹೆಂಡತಿಯನ್ನು ನೋಡಿದ. "ಅದಕ್ಯಾಕೆ ಇಷ್ಟು? ಆ ಸಾಲು ಅಳಿಸ್ಬಿಡು. ಕಾಗದ ಹೋಗೋಕೆ ಶುರುವಾಗುತ್ತೆ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲೋ! ಒಂಬತ್ತು ಗಂಟೆಗೆ ಅವನ ಪೆಟ್ಟಿಗೆ ಕಿತ್ಕೊಳ್ತಾರೆ. ಮಾಡಿದ್ದು ನಾನು."

"ಹಾಗಾದ್ರೆ ಹೇಳು."

"ಹೇಳು ಅಂತೀಯಲ್ಲ, ನಿನಗೇನು! ಇಪ್ಪತ್ತೈದು ವರ್ಷ ಎಕ್ಸ್‌ಚೇಂಜಲ್ಲಿ ಒಂದು ಕಾಲ್ ತಪ್ಪು ಕೊಟ್ಟಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೀನಿ. ಹನ್ನೊಂದು ಜನರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?"

"ಇರೋದೊಂದೇ ಮುಖ ಅಲ್ವೇನೆ" ಅಂದ ನಾರ್ವಲ್, ಕಾರಿನ ಬೀಗದಕೈ ಎತ್ತಿಕೊಂಡು.

ಅಳಿಸುವ ಆಜ್ಞೆ ಟೈಪ್ ಮಾಡಿದಳು. ಎಂಟರ್ ಒತ್ತುವ ಮೊದಲು ಏನೋ ಹೊಳೆದು, ಹಳೆಯ ಪಟ್ಟಿಯನ್ನು ಹಾಗೇ ಪ್ರಿಂಟ್ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ಒತ್ತಿದಳು.

ಕೆಫೆಯಲ್ಲಿ ಉದ್ದ ಮೇಜಿನ ಸುತ್ತ ಎಲ್ಲರೂ ಕೂತಾಗಿತ್ತು. ಸೆಲ್ಮರ್ ತುದಿಯಲ್ಲಿದ್ದ. ಅಂಗಿ ಇಸ್ತ್ರಿ ಮಾಡಿಸಿದ್ದ, ಕೂದಲು ನೀರು ಹಚ್ಚಿ ಬಾಚಿದ್ದ, ಸಾವಿನ ಮನೆಗೆ ಹೊರಟವನ ಹಾಗೆ. ಕಣಜದ ಬಾಗಿಲಿನ ಕೀಲಿಯನ್ನು ತಟ್ಟೆಯ ಪಕ್ಕ ಇಟ್ಟುಕೊಂಡಿದ್ದ, ಕೇಳುವ ಮೊದಲೇ ಕೊಟ್ಟುಬಿಡುವುದಕ್ಕೆ. ಅದನ್ನು ನೋಡಿ ಆರ್ಡಿಸ್ ಕೈಚೀಲದಿಂದ ಪ್ರಿಂಟ್ ಹೊರಗೆ ತೆಗೆದಳು.

ಡ್ವೇನ್ ಕೆಮ್ಮಿ ಶುರು ಮಾಡಿದ. "ಆರ್ಡಿಸ್ ತಂದಿರೋ ಸೂಚನೆ ಎಲ್ಲರಿಗೂ ಗೊತ್ತಿದೆ..."

"ನಿಲ್ಲಿಸು ಡ್ವೇನ್." ಅವಳು ಎದ್ದು ನಿಂತಳು. ಪ್ರಿಂಟನ್ನು ಮೇಜಿನ ನಡುವೆ, ಬೆಣ್ಣೆಯ ತಟ್ಟೆ ಸರಿಸಿ, ಹರಡಿದಳು. "ಇದು ನನ್ನ ಪಟ್ಟಿ. ಇಲ್ನೋಡಿ, ಸೇಜ್ ಗುಡ್ಡ, ಇನ್ನೂರೈವತ್ತೈದು, ಪಕ್ಕದಲ್ಲಿ ಉದ್ಗಾರ ಚಿಹ್ನೆ. ಬರೆದೋಳು ನಾನು. ಮರೆತೋಳು ನಾನು. ನಿಮ್ಮೆಲ್ಲರ ಕಾಗದ ನುಂಗಿದ್ದು ನನ್ನ ಪೆಟ್ಟಿಗೆ, ಸೆಲ್ಮರ್‌ದಲ್ಲ. ಡ್ವೇನ್, ನಿನ್ನ ಮೊಮ್ಮಗು ಅತ್ತಿದ್ದು ನನ್ನಿಂದ. ಯಾರದ್ದಾದರೂ ಪೆಟ್ಟಿಗೆ ಕಿತ್ಕೋಬೇಕು ಅಂದ್ರೆ ನೀರಿನ ಟ್ಯಾಂಕಿಂದು ಕಿತ್ಕೊಳ್ಳಿ."

ಡ್ವೇನ್ ಕಾಗದದ ಮೇಲೆ ಬಗ್ಗಿ ನೋಡಿದ. "ಇನ್ನೂರೈವತ್ತೈದಾ! ದೇವರು ಯಾವಾಗ ಬಂದ್ರು ಸೇಜ್ ಗುಡ್ಡಕ್ಕೆ?" ಅಂದ. ಮೇಜಿಗೆ ಮೇಜೇ ಹೋ ಅಂತ ನಕ್ಕಿತು. ನಾರ್ವಲ್ ಎಲ್ಲರಿಗಿಂತ ಜೋರಾಗಿ ನಕ್ಕ. ಕೈ ಎತ್ತುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ನಗದವನು ಸೆಲ್ಮರ್ ಒಬ್ಬನೇ. ಕೀಲಿಯನ್ನೇ ನೋಡುತ್ತ, "ನನಗೆ ಗೊತ್ತಿತ್ತು" ಅಂದ.

"ಏನು ಗೊತ್ತಿತ್ತು?"

"ನಿನ್ನ ಪಟ್ಟಿ ನೋಡಿದ್ದೆ. ಹತ್ತು ದಿನ ಆಯ್ತು."

ಆರ್ಡಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಹತ್ತು ದಿನದಿಂದ ಗೊತ್ತಿದ್ದು, ಕೀಲಿ ಕೊಡೋಕೆ ಬಂದು ಕೂತಿದೀಯಾ? ಒಂದು ಮಾತು ಹೇಳೋಕೇನಾಗಿತ್ತು ನಿನಗೆ?"

ಸೆಲ್ಮರ್‌ಗೆ ಮಾತು ಕಷ್ಟ. ಕೀಲಿಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. "ಹೇಳಿದ್ರೆ ನಿನಗೆ ನಾಚಿಕೆ ಆಗ್ತಿತ್ತು. ನಾಚಿಕೆ ಆದ್ರೆ ನೀನು ನನಗೆ ಬೈಯೋದು ನಿಲ್ಲಿಸ್ತಿದ್ದೆ. ಬೋರ್ಗ್‌ಹಿಲ್ಡ್ ಹೋದ್ಮೇಲೆ, ಬೆಳಿಗ್ಗೆ ಎದ್ರೆ ನನ್ನ ಅಂಗಿ ಗುಂಡಿ ತಪ್ಪು ಅಂತ ಹೇಳೋ ಜೀವ ಇನ್ನೊಂದಿಲ್ಲ, ಆರ್ಡಿಸ್. ಪೆಟ್ಟಿಗೆ ಹೋದ್ರೆ ಹೋಗ್ಲಿ, ಬೇರೆ ಯಾವ್ದಾದ್ರೂ ತಪ್ಪು ಮಾಡಿ ಬೈಸ್ಕೊಳ್ಬಹುದು ಅಂತಿದ್ದೆ."

ಆರ್ಡಿಸ್‌ಳ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು. ನೋರ್ಡಾಲಿನವರು ಅಂಥದ್ದನ್ನು ಹಿಂದೆ ಕಂಡಿರಲಿಲ್ಲ. ಅವಳು ಮೇಜು ಸುತ್ತಿಕೊಂಡು ತುದಿಗೆ ಹೋಗಿ, ಅವನ ಪಕ್ಕದ ಕುರ್ಚಿ ಎಳೆದು ಕೂತಳು. ಕೀಲಿ ಎತ್ತಿ ಅವನ ಜೇಬಿಗೆ ತುರುಕಿದಳು.

"ಶುದ್ಧ ಮುಠ್ಠಾಳ ಕಣೋ ನೀನು" ಅಂತ ಶುರು ಮಾಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. "ಅರವತ್ತೊಂಬತ್ತು ವರ್ಷಕ್ಕೆ ಬುದ್ಧಿ ಬರದೇ ಇರೋನಿಗೆ ಇನ್ಯಾವಾಗ ಬರುತ್ತೋ? ಇಸ್ತ್ರಿ ಮಾಡಿದೀನಿ ಅಂದ್ಕೊಂಡಿದೀಯಾ ಇದನ್ನ? ಕಾಲರ್ ನೋಡು, ಸುಟ್ಟಿದೆ. ನಾಳೆಯಿಂದ ಅಂಗಿಗಳನ್ನ ತಂದು ನಮ್ಮನೇಲಿ ಹಾಕು. ಊಟಕ್ಕೇನು ಮಾಡ್ತೀಯ ಭಾನುವಾರ? ಡಬ್ಬಿ ಸೂಪಾ? ಥೂ..."

ಅವಳು ಬೈಯುತ್ತಲೇ ಇದ್ದಳು. ಸೆಲ್ಮರ್ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತ, ಕೈ ಚಾಚಿ ಇನ್ನೆರಡು ಪ್ಯಾನ್‌ಕೇಕು ಹಾಕಿಕೊಂಡ.