ಮುತ್ಯಾ ಕುಣಿದ ಮದುವೆ

ಇಂದು ನಾನೀಗ ಇರುವ ಚಿದ್ರಿಯಲ್ಲಿ ಯಾರದೋ ಮನೆಯಿಂದ ಕಲೇಜಿ, ಅಂದರೆ ಕುರಿಯ ಲಿವರ್, ಹುರಿಯುವ ವಾಸನೆ ಬಂದಾಗ ಭಾತಂಬ್ರಾ ಊರಿನ ನಮ್ಮಜ್ಜ, ಮುತ್ಯಾ, ನೆನಪಾದ. ಮಟನ್ ಊಟ ಜೋರಾದರೆ ಅವನ ಕಾಲಿನ ಹೆಬ್ಬೆರಳು ಕೆಂಪಗೆ ಊದುತ್ತಿತ್ತು. ಚಾದರ ತಾಗಿದರೂ ಚೀರುತ್ತಿದ್ದ.

ಸೋದರತ್ತೆಯ ಮದುವೆ ಗೊತ್ತಾದಾಗ ನಮ್ಮಜ್ಜಿ, ಆಯಿ, ಅವನನ್ನು ಭಾಲ್ಕಿಯ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು, "ಇದು ಗೌಟ್ ರೀ, ಕೀಲು ಊದೋ ಬ್ಯಾನಿ. ನೋವು ಇಲ್ಲಂದ್ರೂ ದಿನಾ ಗುಳಿಗಿ ತಗೋರಿ. ನೀರು ಭಾಳ ಕುಡೀರಿ, ಕಲೇಜಿ ಬಿಡ್ರಿ" ಎಂದರು.

ಅಂದಿನಿಂದ ಆಯಿ ತಂಬಿಗೆ ಹಿಡಿದು ಗಂಡನ ಬೆನ್ನು ಹತ್ತಿದಳು.

"ನೋವೇ ಇಲ್ಲ, ಗುಳಿಗಿ ಯಾಕ?" ಎಂದು ಮುತ್ಯಾ ಗೊಣಗಿದ.

"ಮಗಳ ಮದುವ್ಯಾಗ ಕುಣಿಯೋದು ಬ್ಯಾಡೇನ್ರಿ?" ಎಂದಳು ಆಯಿ.

ಅವನು ಗುಳಿಗೆ ನುಂಗಿ ತಂಬಿಗೆಯ ನೀರು ಖಾಲಿ ಮಾಡಿದ. ಮದುವೆಯ ದಿನ ಬ್ಯಾಂಡಿನ ಮುಂದೆ ಎಷ್ಟು ಕುಣಿದನೆಂದರೆ, ಬೀಗರೇ ಸುಸ್ತಾಗಿ ಕಟ್ಟೆಯ ಮೇಲೆ ಕೂತರು.

ಈಗ ಅದೇ ಬೇನೆ ನನಗೂ ಬಂದಿದೆ. ಮಗಳಿಗೆ ವರ ನೋಡುತ್ತಿದ್ದೇವೆ. ನಾನು ಒಂದು ದಿನವೂ ಗುಳಿಗೆ ತಪ್ಪಿಸುತ್ತಿಲ್ಲ.