ಎರಡಕ್ಕೊಂದು, ನಾಲ್ಕಕ್ಕೊಂದು ಚಪ್ಪಾಳೆ

ನಾನು ಚಿಕ್ಕವನಿದ್ದಾಗ ನನಗೆ ದೆವ್ವದ ಭಯವಿರಲಿಲ್ಲ, ಚಪ್ಪಾಳೆಯ ಭಯವಿತ್ತು. ಧಾರವಾಡದ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಭಜನೆ ನಡೆಯುತ್ತಿತ್ತು. ಊದಿನಕಡ್ಡಿಯ ಹೊಗೆ, ಮೊಣಕಾಲಿಗೆ ಚುಚ್ಚುವ ಜಮಖಾನೆ, ಅಪ್ಪನ ಹಾರ್ಮೋನಿಯಂ. ಒಂದು ಶನಿವಾರ ಅಕ್ಕ ಹಾಡುತ್ತಿದ್ದಾಗ ಉತ್ಸಾಹದಲ್ಲಿ ನಾನು ತಾಳ ತಪ್ಪಿ ಚಪ್ಪಾಳೆ ಹೊಡೆದೆ. ಅಪ್ಪ ಹಾಡು ನಿಲ್ಲಿಸಿಯೇಬಿಟ್ಟರು.

"ಎಲ್ಲಿಗೆ ಹೊಂಟೀಯೋ? ಹಾಡು ಇನ್ನೂ ಇಲ್ಲೇ ಅದ!"

ಎಲ್ಲರೂ ನಕ್ಕರು. ಅಂದಿನಿಂದ ನಾನು ತಾಳದ ಒಂದು-ಎರಡು-ಮೂರು-ನಾಲ್ಕರಲ್ಲಿ ಒಂದನೆಯ ಪೆಟ್ಟನ್ನು ಬಸ್ಸಿನ ಕಂಬಿಯಂತೆ ಬಿಗಿಯಾಗಿ ಹಿಡಿದುಕೊಂಡೆ.

ಈ ಬೇಸಿಗೆಯಲ್ಲಿ ಆ ಕಂಬಿಯೂ ಕೈಕೊಟ್ಟಿತು. ಅಮೆರಿಕದ ಲಾಂಗ್ ಬೀಚ್‌ನಲ್ಲಿರುವ ಮೊಮ್ಮಗಳು ಅಲ್ಲಿನ ಚರ್ಚೊಂದರ ಮಕ್ಕಳ ಗಾಸ್ಪೆಲ್ ತಂಡ ಸೇರಿದ್ದಳು. ಗಾಸ್ಪೆಲ್ ಎಂದರೆ ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ದೇವರ ಹಾಡು. ಅಲ್ಲಿ ಚಪ್ಪಾಳೆ ಒಂದಕ್ಕಲ್ಲ, ಎರಡಕ್ಕೆ ಮತ್ತು ನಾಲ್ಕಕ್ಕೆ! ಪ್ರಾಕ್ಟೀಸ್ ನೋಡಲು ಹೋದ ನಾನು ಭಕ್ತಿಯಿಂದ ಒಂದಕ್ಕೇ ತಟ್ಟಿದೆ. ಒಬ್ಬಳೇ ಹಾಡುತ್ತಿದ್ದ ಮೊಮ್ಮಗಳು ದಾರಿ ತಪ್ಪಿದಳು.

"ಅಜ್ಜ, ಪ್ಲೀಸ್! ಸಂಡೇ ಡೋಂಟ್ ಕ್ಲ್ಯಾಪ್!"

ಅವಳ ಟೀಚರ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರಿನ ರೇಡಿಯೋದಲ್ಲಿ ಪಾಪ್ ಹಾಡು ಕೇಳಿ ನೋಡಿ, ಈ ಚಪ್ಪಾಳೆ ಚರ್ಚಿನಿಂದ ಅಲ್ಲಿಗೂ ಹೋಗಿ ಕೂತಿದೆ ಎಂದರು. ಭಾನುವಾರ ಅವಳ ಹಾಡು ಕೇಳಲೆಂದು, ನಾನಿರುವ ಪೊವೇ ಊರಿನಿಂದ ಲಾಂಗ್ ಬೀಚಿಗೆ ಡ್ರೈವ್ ಮಾಡುವಾಗ ಕೇಳಿದೆ. ಹೌದು, ಪ್ರತಿ ಹಾಡಿನಲ್ಲೂ ಇತ್ತು! ಎರಡು, ನಾಲ್ಕು ಎಂದು ಸ್ಟೀರಿಂಗ್ ತಟ್ಟುತ್ತ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿಸಿಕೊಂಡೆ. ಮೊಮ್ಮಗಳು ಮತ್ತೆ ದಾರಿ ತಪ್ಪಿದರೆ? ಹಾಡುವುದನ್ನೇ ಬಿಟ್ಟರೆ? ಹಾಡು ಬಿಡದೆ, ಚರ್ಚಿಗೇ ಒಗ್ಗಿಹೋಗಿ ನಮ್ಮ ಕೃಷ್ಣನನ್ನೇ ಬಿಟ್ಟರೆ? ನನಗೆ ಚಿಂತೆಗೇನು ಬರ.

ಚರ್ಚಿನಲ್ಲಿ ಆರ್ಗನ್ನಿನ ನಾದಕ್ಕೆ ಬೆಂಚೇ ನಡುಗುತ್ತಿತ್ತು. ನಾನು ಎರಡೂ ಕೈಗಳ ಮೇಲೆ ಕೂತೆ. ಮೊಮ್ಮಗಳು ಮುಂದೆ ಬಂದು ಎರಡು ಸಾಲು ಹಾಡಿದಳು. ಮೂರನೆಯದು ಬರಲಿಲ್ಲ. ಅವಳು ನನ್ನ ಕಡೆ ನೋಡಿದಳು. ಆದರೆ ಆರ್ಗನ್ ನಿಲ್ಲಲಿಲ್ಲ. ಅವಳಿಗಾಗಿ ಹಾಡಿನ ಅದೇ ಜಾಗದಲ್ಲಿ ಸುತ್ತು ಹಾಕುತ್ತ ಕಾಯುತ್ತಿತ್ತು. "ಟೇಕ್ ಯುವರ್ ಟೈಮ್, ಬೇಬಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಚರ್ಚು ಚಪ್ಪಾಳೆ ತಟ್ಟತೊಡಗಿತು. ನನ್ನ ಕೈಗಳೂ ಹೊರಬಂದವು, ಒಂದಕ್ಕೇ! ಪಕ್ಕದಲ್ಲಿದ್ದ ದೊಡ್ಡ ಟೋಪಿಯ ಅಜ್ಜಿ ನನ್ನ ಮಣಿಕಟ್ಟು ಹಿಡಿದರು. "ನಾಟ್ ಯೆಟ್, ಹನಿ... ನೌ!"

ಅಜ್ಜನಿಗೆ ಪಾಠವಾಗುತ್ತಿರುವುದನ್ನು ನೋಡಿ ಮೊಮ್ಮಗಳಿಗೆ ನಗು ಬಂತು. ನಗುವಿನ ಹಿಂದೆಯೇ ಮೂರನೆಯ ಸಾಲೂ ಬಂತು.

ಮನೆಗೆ ಬಿಡಲು ಕರೆದೊಯ್ಯುವಾಗ ಅವಳು ಕಾರಿನಲ್ಲಿ ನಾನು ಕಲಿಸಿದ್ದ ಕೃಷ್ಣನ ಭಜನೆ ಹಾಡಿದಳು. ಚಪ್ಪಾಳೆ ಎರಡಕ್ಕೆ, ನಾಲ್ಕಕ್ಕೆ! ತಿದ್ದಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ನಮ್ಮ ಕಾಲದಲ್ಲಿ ದೇವರ ಮುಂದೆ ತಪ್ಪದ ಹಾಗೆ ಹಾಡುತ್ತಿದ್ದೆವು. ಇವಳ ಕಾಲದಲ್ಲಿ ತಪ್ಪಿದ ಮೇಲೂ ಹಾಡುತ್ತಾರೆ. ಯಾವುದು ಹೆಚ್ಚು ಭಕ್ತಿಯೋ ನನಗೆ ತಿಳಿಯದು. ಈ ಶನಿವಾರ ಪೊವೇಯ ನಮ್ಮ ಭಜನೆಗೆ ಬರುತ್ತಾಳಂತೆ. "ಐ ವಿಲ್ ಟೀಚ್ ಆಲ್ ದಿ ಅಂಕಲ್ಸ್" ಎಂದಿದ್ದಾಳೆ. ಅವಳು ಆರಾಮಾಗಿದ್ದಾಳೆ. ನಾನು ಈಗಿನಿಂದಲೇ ಬೆವರುತ್ತಿದ್ದೇನೆ.